ದಡ್ಡ ಹುಡುಗನ ಚೀಟಿ

ಮಿಡ್ಲ್ ಸ್ಕೂಲಿಗೆ ಹೊಸದಾಗಿ ಸೇರಿದ ಮೇಷ್ಟ್ರುಗಳು ಈಗಲೂ ಒಮ್ಮೊಮ್ಮೆ ಚನ್ನಗಿರಿಯ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂರುತ್ತಾರೆ. "ಸಾರ್, ನಮಗೂ ಒಂದಿಷ್ಟು ಬುದ್ಧಿ ಹೇಳ್ರಿ" ಅನ್ನುತ್ತಾರೆ. ನನಗೆ ನಗು ಬರುತ್ತದೆ. ವರ್ಷಗಟ್ಟಲೆ ಸೀಮೆಸುಣ್ಣ ಸವೆಸಿದವನು ನಾನು. ಹೊಸ ಮೇಷ್ಟ್ರುಗಳಿಗೆ ಪಾಠ ಮಾಡುವುದನ್ನು ಹೇಳಿಕೊಟ್ಟವರು ಎಂದು ಸುತ್ತಿನ ತಾಲ್ಲೂಕುಗಳಲ್ಲಿ ನನಗೊಂದು ಹೆಸರೂ ಇದೆ. ಒಳಗಿನ ಮಾತು ಹೇಳಬೇಕೆಂದರೆ ಆ ಕೆಲಸದಲ್ಲಿ ನನಗೆ ಖಚಿತವಾಗಿ ತಿಳಿದದ್ದು ಬಹಳ ಕಡಿಮೆ. ತಿಳಿದವನ ಹಾಗೆ ನಿಂತುಕೊಳ್ಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಅದರಿಂದ ಒಬ್ಬ ಒಳ್ಳೆಯ ಮೇಷ್ಟ್ರಿಗೆ ಏನಾಯಿತು ಎನ್ನುವುದನ್ನು ಬರೆದಿಡುತ್ತೇನೆ. ಬುದ್ಧಿ ಬೇಕಾದವರು ಇದರಲ್ಲೇ ಹುಡುಕಿಕೊಳ್ಳಲಿ.

ನಾನು ಸೇರಿದ ಕಾಲಕ್ಕೆ, ಅಂದರೆ ಎರಡನೆಯ ಮಹಾಯುದ್ಧಕ್ಕೆ ಏಳೆಂಟು ವರ್ಷ ಮೊದಲು, ತರಬೇತಿ ಎಂದರೆ ಇಷ್ಟೇ. ಹಿರಿಯ ಮೇಷ್ಟ್ರ ತರಗತಿಯಲ್ಲಿ ಹಿಂದಿನ ಗೋಡೆಗೆ ಒರಗಿ ಒಂದು ತಿಂಗಳು ನಿಲ್ಲುವುದು, ಆಮೇಲೆ ಅವರು ಮಾಡಿದ ಹಾಗೆ ಮಾಡುವುದು. ನಮ್ಮ ಹೆಡ್‌ಮೇಷ್ಟ್ರು ಮೊದಲ ದಿನ ನನ್ನನ್ನು ಕರೆದು ಮೂರು ಮಾತು ಹೇಳಿದರು. "ಬೆತ್ತ ಮೇಜಿನ ಮೇಲಿರಲಿ, ಕೈಯಲ್ಲಿ ಬೇಡ. ಮಗ್ಗಿ ಬೆಳಿಗ್ಗೆ ಹೇಳಿಸಿ, ಊಟ ಆದಮೇಲೆ ಬೇಡ. ಗೊತ್ತಿಲ್ಲ ಅಂತ ಮಾತ್ರ ಯಾವತ್ತೂ ಹೇಳಬೇಡಿ." ಮೂರನ್ನೂ ಚಾಚೂ ತಪ್ಪದೆ ಪಾಲಿಸಿದೆ. ಮೂರನೆಯದನ್ನು ಸ್ವಲ್ಪ ಹೆಚ್ಚೇ ಪಾಲಿಸಿದೆ.

ಯುದ್ಧ ಶುರುವಾದ ಮೇಲೆ ಅದೆಲ್ಲಿಂದಲೋ ಹೊಸ ಪದ್ಧತಿ ಬಂತು. ಆ ಹೊತ್ತಿಗೆ ನಾನು ಚನ್ನಗಿರಿಯಲ್ಲಿ ಹೆಡ್‌ಮೇಷ್ಟ್ರು. ಬೇಸಿಗೆ ರಜದಲ್ಲಿ ತರಬೇತಿಯಿಲ್ಲದ ಹೊಸ ಮೇಷ್ಟ್ರುಗಳನ್ನು ಒಂದು ತಿಂಗಳು ಇಟ್ಟುಕೊಂಡು ಕಲಿಸತಕ್ಕದ್ದು ಎಂದು ಹುಕುಂ ಬಂತು, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಣ್ಣ ಪುಸ್ತಕ. ಅದರಲ್ಲಿ ಅರ್ಧ ನನಗೆ ಅರ್ಥವಾಯಿತು. ಉಳಿದರ್ಧ ಅರ್ಥವಾದ ಹಾಗೆ ಕಂಡಿತು. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗಳಿಂದ ಇಪ್ಪತ್ತು ಜನ ಹಾಸಿಗೆ ಸುತ್ತಿಕೊಂಡು ಬಂದಿಳಿದರು. ಜಗಳೂರು ಬೇರೆ ಜಿಲ್ಲೆ. ಅದು ನಮ್ಮ ಪಟ್ಟಿಗೆ ಹೇಗೆ ಸೇರಿತೋ ನನಗೆ ಇವತ್ತಿಗೂ ತಿಳಿಯದು. ಬಂದವರನ್ನು ವಾಪಸು ಕಳಿಸಲು ಆಗುತ್ತದೆಯೇ? ಇರಲಿ ಎಂದೆ.

ಮೊದಲ ವಾರ ಬರೀ ಗಲಿಬಿಲಿ. ಪಾಠಕ್ಕೆ ಮೊದಲು ಟಿಪ್ಪಣಿ ಬರೆಯಬೇಕು, ಪೀಠಿಕೆಗೆ ಐದು ನಿಮಿಷ, ಪ್ರಶ್ನೆಗೆ ಏಳು ನಿಮಿಷ ಎಂದು ಪುಸ್ತಕ ಹೇಳಿತ್ತು. ಗಡಿಯಾರ ಇದ್ದದ್ದು ನನ್ನೊಬ್ಬನ ಹತ್ತಿರ. ಪಾಠ ಮಾಡುವವರು ಎರಡು ಮಾತಾಡಿ ನನ್ನ ಹತ್ತಿರ ಬಂದು ಬಗ್ಗಿ ಗಡಿಯಾರ ನೋಡುವುದು, ಹೋಗಿ ಇನ್ನೆರಡು ಮಾತಾಡುವುದು. ಒಬ್ಬರಂತೂ ಅಶೋಕನ ಯುದ್ಧವನ್ನು ನಡುವೆಯೇ ನಿಲ್ಲಿಸಿ, "ಸಾರ್, ಇನ್ನೂ ಎರಡು ನಿಮಿಷ ಉಳಿದೈತೆ, ಏನು ಮಾಡ್ಲಿ?" ಎಂದರು. ಯುದ್ಧವನ್ನೇ ಮುಂದುವರಿಸಿ ಎಂದೆ. ನನಗೆ ತಾನೆ ಏನು ಗೊತ್ತು?

ಎರಡನೆಯ ವಾರ ಚೀಟಿಯ ಆಟ ಶುರುಮಾಡಿದೆ. ಇದೂ ಆ ಪುಸ್ತಕದ್ದೇ. ರಜದಲ್ಲಿ ಮಕ್ಕಳಿರುವುದಿಲ್ಲವಲ್ಲ, ಆದ್ದರಿಂದ ಮೇಷ್ಟ್ರುಗಳೇ ಮಕ್ಕಳಾಗಿ ನೆಲದ ಮೇಲೆ ಕೂರಬೇಕು. ಒಬ್ಬೊಬ್ಬರಿಗೂ ಒಂದೊಂದು ಚೀಟಿ. ಜಾಣ ಹುಡುಗ, ತಂಟೆ ಹುಡುಗ, ಕಿಟಕಿ ಕಡೆ ನೋಡುವ ಹುಡುಗ, ದಡ್ಡ ಹುಡುಗ. ಚೀಟಿಯಲ್ಲಿ ಏನು ಬಂತೋ ಹಾಗೆ ನಡೆದುಕೊಳ್ಳಬೇಕು. ಪಾಠ ಮಾಡುವವರು ಅವರನ್ನೆಲ್ಲ ಸಂಭಾಳಿಸಬೇಕು. ಕಾಗದಕ್ಕೆ ತತ್ವಾರದ ಕಾಲ, ಹಳೆಯ ಉತ್ತರಪತ್ರಿಕೆಗಳ ಬೆನ್ನಿಗೆ ಬರೆದು ಕತ್ತರಿಸಿದೆ.

ನ್ಯಾಮತಿಯ ಶಿವಲಿಂಗಯ್ಯನವರು ನನಗಿಂತ ನಾಲ್ಕೈದು ವರ್ಷಕ್ಕಷ್ಟೇ ಚಿಕ್ಕವರು. ಅವರಿಗೆ ತಂಟೆ ಹುಡುಗನ ಚೀಟಿ ಬಂತು. ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಸಾರ್, ನಮ್ಮೂರಾಗೆ ನಾನು ಪುರಾಣ ಓದೋನು. ತಂಟೆ ಮಾಡಿದೆ ಅಂತ ಗೊತ್ತಾದ್ರೆ ಯಾರು ಕೇಳಾಕೆ ಬರ್ತಾರೆ?"

ಅವರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಸರಿ, ನೀವು ಆಡುವುದು ಬೇಡ, ಯಾರು ಏನು ಹೇಳಿದರು ಎಂದು ವೀಕ್ಷಣೆ ಪುಸ್ತಕದಲ್ಲಿ ಬರೆಯುತ್ತ ಕೂರಿ ಎಂದೆ. ಇಲ್ಲಿಗೆ ಮೊದಲನೆಯ ತಪ್ಪು ಆಯಿತು. ಆಗ ಅದು ಜಾಣತನದ ಹಾಗೆ ಕಂಡಿತ್ತು.

ಜಗಳೂರು ಕಡೆಯ ಕೊಟ್ರಬಸಪ್ಪನವರಿಗೆ ದಡ್ಡ ಹುಡುಗನ ಚೀಟಿ ಬಂದದ್ದು ಮೂರನೆಯ ವಾರ. ಎತ್ತರದ ಆಳು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಮಾತು ಕಡಿಮೆ. ಮನೆಯಲ್ಲಿ ಓದಿದವರು ಅವರೊಬ್ಬರೇ. ಗಂಡನನ್ನು ಕಳೆದುಕೊಂಡ ತಂಗಿಯೂ ಅವಳ ಕೂಸೂ ಇವರ ಆಸರೆಯಲ್ಲೇ ಇದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ತರಬೇತಿ ಮುಗಿದ ಮೇಲೆ ನಾನು ಕಳಿಸುವ ಕಾಗದ ನೋಡಿ ಇನ್ಸ್‌ಪೆಕ್ಟರು ತೀರ್ಮಾನ ಮಾಡಬೇಕಿತ್ತು.

ಅವತ್ತು ಮಾದರಿ ಪಾಠ ನನ್ನದೇ. ಭಿನ್ನರಾಶಿಯ ಭಾಗಾಕಾರ. ಅರ್ಧವನ್ನು ಕಾಲು ಭಾಗದಿಂದ ಭಾಗಿಸಬೇಕು. ಕೆಳಗಿನದನ್ನು ತಲೆಕೆಳಗು ಮಾಡಿ ಗುಣಿಸಿ, ಉತ್ತರ ಎರಡು ಎಂದು ಹಲಗೆಯ ಮೇಲೆ ದಪ್ಪಕ್ಕೆ ಬರೆದೆ. ಕೊಟ್ರಬಸಪ್ಪನವರು ಎದ್ದು ಕೈಕಟ್ಟಿ ನಿಂತರು.

"ಸಾರ್, ಭಾಗ ಮಾಡಿದ್ರೆ ಸಣ್ಣದಾಗ್ಬೇಕಲ್ರೀ? ಅರ್ಧಾನೇ ಇದ್ದದ್ದು. ಅದರಾಗೆ ಎರಡು ಎಲ್ಲಿಂದ ಬಂದ್ವು?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಹಲಗೆಯ ಕಡೆ ತಿರುಗಿದೆ, ಉತ್ತರ ಹೇಳೋಣ ಎಂದು. ಹೌದಲ್ಲ, ಎರಡು ಎಲ್ಲಿಂದ ಬಂತು? ಹತ್ತು ವರ್ಷದಿಂದ ಇದನ್ನೇ ಬರೆಯುತ್ತಿದ್ದೇನೆ, ಒಂದು ದಿನವೂ ನನಗೆ ಈ ಅನುಮಾನ ಬಂದಿರಲಿಲ್ಲ.

"ತಲೆಕೆಳಗು ಮಾಡಿದ್ದೀವಲ್ಲಪ್ಪ, ಅದಕ್ಕೇ" ಎಂದೆ.

"ಯಾಕೆ ತಲೆಕೆಳಗು ಮಾಡ್ಬೇಕು ಸಾರ್?"

ಆಗ ನನಗೆ ಚೀಟಿ ನೆನಪಾಯಿತು. ಅಬ್ಬ, ಬದುಕಿದೆ! "ಭಲೇ ಕೊಟ್ರಬಸಪ್ಪನೋರೇ! ದಡ್ಡ ಹುಡುಗ ಅಂದ್ರೆ ಹೀಗಿರಬೇಕು. ನೋಡಿ ಎಲ್ಲರೂ, ಏನು ಅಭಿನಯ!" ಎಂದು ಚಪ್ಪಾಳೆ ಹೊಡೆದೆ. ಉಳಿದವರೂ ಹೊಡೆದರು. ಕೊಟ್ರಬಸಪ್ಪನವರು ಸುತ್ತ ನೋಡಿದರು. ಕಟ್ಟಿದ ಕೈ ಬಿಟ್ಟು ಕೂತರು. ಗಡಿಯಾರ ನೋಡಿ, ವೇಳೆಯಾಯಿತು ಎಂದು ಪಾಠ ಮುಗಿಸಿದೆ. ವೇಳೆ ಇನ್ನೂ ಇತ್ತು.

ಮನೆಗೆ ಹೋಗಿ ಊಟಕ್ಕೆ ಕೂತಾಗ ರೊಟ್ಟಿಯನ್ನು ಎರಡು ಮಾಡಿ, ಅರ್ಧ ಪಕ್ಕಕ್ಕಿಟ್ಟು, ಉಳಿದರ್ಧವನ್ನು ನಾಲ್ಕು ತುಂಡು ಮಾಡಿದೆ. ಒಂದೊಂದೂ ಅರೆಕಾಲಾಯಿತು, ಎರಡು ಬರಲಿಲ್ಲ. ಇನ್ನೊಂದು ರೊಟ್ಟಿ ತೆಗೆದುಕೊಂಡೆ. ನನ್ನ ಹೆಂಡತಿ ನೋಡುವಷ್ಟು ನೋಡಿ, "ಇದೇನ್ರೀ ಉಣ್ಣೋ ಅನ್ನದ ಮುಂದೆ ಆಟ? ಉಂಡು ಏಳ್ರಿ" ಎಂದು ಗದರಿದಳು. ಉಂಡು ಎದ್ದೆ. ತಲೆ ಮಾತ್ರ ರೊಟ್ಟಿಯಲ್ಲೇ ಉಳಿಯಿತು. ಯಾರನ್ನಾದರೂ ಕೇಳೋಣವೆಂದರೆ ನಾನೇ ಕಲಿಸುವವನು, ಯಾರನ್ನು ಕೇಳಲಿ? ನಾಚಿಕೆ, ಬರೀ ನಾಚಿಕೆ. ಅಷ್ಟಕ್ಕೇ ಬಿಟ್ಟುಬಿಟ್ಟೆ.

ತಿಂಗಳು ಮುಗಿಯಿತು, ಎಲ್ಲರೂ ಊರಿಗೆ ಹೋದರು. ವೀಕ್ಷಣೆ ಪುಸ್ತಕದ ಕೊನೆಯ ಪುಟಕ್ಕೆ ರುಜು ಹಾಕಿ ಇನ್ಸ್‌ಪೆಕ್ಟರ ಕಚೇರಿಗೆ ಕಳಿಸಿದೆ. ಶಿವಲಿಂಗಯ್ಯನವರ ಅಕ್ಷರ ಅಷ್ಟು ಚಂದ ಇತ್ತು, ಓದಿ ನೋಡಬೇಕು ಅಂತಲೇ ಅನ್ನಿಸಲಿಲ್ಲ. ಹದಿನೈದು ದಿನಕ್ಕೆ ಉತ್ತರ ಬಂತು. ಕೊಟ್ರಬಸಪ್ಪ ಎಂಬ ಉಪಾಧ್ಯಾಯರಿಗೆ ಭಿನ್ನರಾಶಿಯ ಪ್ರಾಥಮಿಕ ಜ್ಞಾನವೂ ಇಲ್ಲವೆಂದು ತಮ್ಮ ಪುಸ್ತಕದಿಂದಲೇ ಕಂಡುಬರುತ್ತದೆ, ಇಂಥವರನ್ನು ಮುಂದುವರಿಸುವುದು ಸಾಧ್ಯವಿಲ್ಲ, ಏನಾದರೂ ಹೇಳುವುದಿದ್ದರೆ ಇಂಥ ದಿನ ಹೊನ್ನಾಳಿಯ ಕ್ಯಾಂಪಿಗೆ ಅವರೊಂದಿಗೆ ಬಂದು ಹೇಳತಕ್ಕದ್ದು.

ನನಗೆ ತಲೆಬುಡ ತಿಳಿಯಲಿಲ್ಲ. ಕಾಗದ ಹಿಡಿದುಕೊಂಡು ನ್ಯಾಮತಿಗೆ, ಶಿವಲಿಂಗಯ್ಯನವರ ಮನೆಗೇ ಹೋದೆ.

"ಏನು ಬರೆದಿರಿ ಮಾರಾಯ್ರೇ?"

"ಕೊಟ್ರಬಸಪ್ಪನವರಿಗೆ ಈ ಲೆಕ್ಕ ಅರ್ಥವಾಗಲಿಲ್ಲ, ಎರಡು ಸಲ ಕೇಳಿದರು ಅಂತ ಬರೆದೆ ಸಾರ್."

"ದಡ್ಡ ಹುಡುಗ ಅಂತ ಬರೀಬೇಕಿತ್ತಲ್ಲ? ಅದು ಅವರ ಪಾತ್ರ!"

ಶಿವಲಿಂಗಯ್ಯನವರಿಗೆ ಗಾಬರಿಯಾಯಿತು. "ಒಬ್ಬ ಮೇಷ್ಟ್ರನ್ನ ದಡ್ಡ ಹುಡುಗ ಅಂತ ಸರ್ಕಾರದ ಪುಸ್ತಕದಾಗೆ ಹೆಂಗೆ ಬರೀಲಿ ಸಾರ್? ಮರ್ಯಾದೆ ಅಲ್ಲ ಅಂತ ಎಲ್ರದ್ದೂ ಹೆಸರೇ ಬರೆದೆ."

ಯಾರನ್ನು ಬೈಯಲಿ? ಅವರು ಮರ್ಯಾದೆಗೆ ಮಾಡಿದ್ದು ಒಬ್ಬರ ಅನ್ನಕ್ಕೆ ಕುತ್ತು ತಂದಿತ್ತು. ಓದದೆ ರುಜು ಹಾಕಿದವನು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕೊಟ್ರಬಸಪ್ಪನವರು ನಾನು ಬರೆದ ಕಾಗದ ತಲುಪಿದ ಕೂಡಲೇ ಚನ್ನಗಿರಿಗೆ ಬಂದರು. ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಹೊನ್ನಾಳಿಯ ಬಸ್ಸು ಹತ್ತಿದೆವು. ಆಗ ಪೆಟ್ರೋಲು ಎಲ್ಲಿತ್ತು? ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ನ್ಯಾಮತಿಯಲ್ಲಿ ನಿಂತೇಬಿಟ್ಟಿತು. ಕ್ಲೀನರು ಹಿಂದೆ ನಿಂತು ಇದ್ದಿಲಿಗೆ ಗಾಳಿಯೂದುವ ತಿದಿ ತಿರುಗಿಸುತ್ತಿದ್ದ. ನಾವು ಇಳಿದು ಹುಣಸೆ ಮರದ ನೆರಳಿಗೆ ಬಂದೆವು.

"ಹೆದರಬೇಡಿ. ಅದೆಲ್ಲ ನಾಟಕ ಅಂತ ಒಂದು ಮಾತು ಹೇಳಿದರೆ ಮುಗೀತು" ಎಂದೆ.

"ನಾಟಕ ಅಲ್ಲ ಸಾರ್."

"ಅಂದ್ರೆ?"

"ಚೀಟಿ ಬಂದದ್ದು ನಿಜ. ಆದ್ರೆ ಅವತ್ತು ನಾನು ಕೇಳಿದ್ದು ನಿಜವಾಗ್ಲೂ ಗೊತ್ತಾಗದೇ ಕೇಳಿದ್ದು. ಸಣ್ಣೋನಿದ್ದಾಗಿಂದ ಗೊತ್ತಿಲ್ಲ. ಕೇಳಾಕೆ ನಾಚಿಕೆ. ದಡ್ಡ ಹುಡುಗನ ಚೀಟಿ ಬಂತಲ್ಲ, ಇದೇ ಸಮಯ, ಕೇಳೇಬಿಡಾನ ಅಂತ ಕೇಳಿದೆ. ನೀವು ಚಪ್ಪಾಳೆ ಹೊಡೆದ್ರಿ." ಬಸ್ಸಿನ ಕಡೆ ನೋಡುತ್ತ ಹೇಳಿದರು. "ಇನ್ಸ್‌ಪೆಕ್ಟರ ಮುಂದೆ ಇದ್ದದ್ದು ಇದ್ದಂಗೆ ಹೇಳಿಬಿಡ್ತೀನಿ ಸಾರ್. ಹಂಗಾದ್ರೂ ಯಾರಾದ್ರೂ ತಿಳಿಸ್ತಾರೇನೋ."

ಇವರು ನಿಜ ಹೇಳಿದರೆ ಕೆಲಸ ಹೋಗುತ್ತದೆ. ನಾನು ನಾಟಕ ಎಂದರೆ ಅದು ಸುಳ್ಳು. ಇಪ್ಪತ್ತು ಜನರಲ್ಲಿ ತಿಳಿಯದ್ದನ್ನು ತಿಳಿಯದು ಎಂದವರು ಇವರೊಬ್ಬರೇ, ಮನೆಗೆ ಹೋಗಬೇಕಾದವರೂ ಇವರೊಬ್ಬರೇ. ನನಗೂ ಗೊತ್ತಿಲ್ಲ ಕಣಪ್ಪ ಎಂದು ಅಲ್ಲೇ ಒಂದು ಮಾತು ಹೇಳಬಹುದಿತ್ತು. ನಾಲಿಗೆಯವರೆಗೂ ಬಂತು. ಹಳೆಯ ಹೆಡ್‌ಮೇಷ್ಟ್ರು ಹೇಳಿದ ಮೂರನೆಯ ಮಾತು ಅಡ್ಡ ನಿಂತಿತು.

"ನಿಮ್ಮ ತಂಗಿ, ಆ ಕೂಸು, ಅವರನ್ನ ನೆನೆಸ್ಕೊಳ್ಳಿ. ಅಲ್ಲಿ ನೀವು ಬಾಯಿ ಬಿಡಬೇಡಿ. ನಾನು ಮಾತಾಡ್ತೀನಿ" ಎಂದೆ.

ಇನ್ಸ್‌ಪೆಕ್ಟರು ಹೊನ್ನಾಳಿಯ ಪ್ರವಾಸಿ ಬಂಗಲೆಯ ಪಡಸಾಲೆಯಲ್ಲಿ ಕೂತಿದ್ದರು. ಮುಚ್ಚು ಕೋಟು, ಜರಿ ಪೇಟ. ನಾನು ಚೀಟಿಯ ಆಟವನ್ನೆಲ್ಲ ವಿವರಿಸಿದೆ. "ಅದು ನಾಟಕ ಸ್ವಾಮಿ. ದಡ್ಡ ಹುಡುಗನ ಪಾತ್ರ ಇವರಿಗೆ ಬಂದಿತ್ತು" ಎಂದೆ. ಅವರು ಕೊಟ್ರಬಸಪ್ಪನವರನ್ನು ಮೇಲಿಂದ ಕೆಳಗೆ ನೋಡಿದರು.

"ಹಾಗಾದ್ರೆ ಹೇಳಿ, ಅರ್ಧವನ್ನ ಕಾಲು ಭಾಗದಿಂದ ಭಾಗಿಸಿದರೆ ಎಷ್ಟು?"

"ಎರಡು ಸ್ವಾಮಿ."

"ಹೇಗೆ?"

ಕೊಟ್ರಬಸಪ್ಪನವರು ನನ್ನ ಕಡೆ ನೋಡಿದರು. "ತಲೆಕೆಳಗು ಮಾಡಿ ಗುಣಿಸಿದ್ರೆ ಬರ್ತೈತೆ ಸ್ವಾಮಿ" ಎಂದರು.

"ಸರಿಯಾಗೇ ಗೊತ್ತಿದೆಯಲ್ರೀ ಇವರಿಗೆ!" ಇನ್ಸ್‌ಪೆಕ್ಟರು ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಇಷ್ಟು ಚೆನ್ನಾಗಿ ದಡ್ಡನ ಪಾತ್ರ ಮಾಡಿದರೆ ನಾಟಕದ ಕಂಪನಿಯವರು ಎತ್ತಿಕೊಂಡು ಹೋದಾರು, ಹುಷಾರು!" ಎಂದು ಅಲ್ಲೇ ಬರೆದು ರುಜು ಹಾಕಿದರು. ಕೆಲಸ ಉಳಿಯಿತು. ಅಷ್ಟು ತಿಳಿದರೆ ಸಾಕು ಎಂದಾದರೆ ನಾವಿಬ್ಬರೂ ಇಷ್ಟು ದಿನ ನರಳಿದ್ದು ಯಾಕೆ ಎನ್ನುವುದೇ ನನಗೆ ಬಗೆಹರಿಯಲಿಲ್ಲ.

ಹೊರಗೆ ಬಂದ ಮೇಲೆ ಕೊಟ್ರಬಸಪ್ಪನವರು ಬೇಡವೆಂದರೂ ನನ್ನ ಕಾಲು ಮುಟ್ಟಿದರು. ಎದ್ದು ನಿಂತು, "ಉಪಕಾರ ಆತು ಸಾರ್. ಆದ್ರೆ ಇನ್ನು ಆ ಪ್ರಶ್ನೆ ಕೇಳಂಗಿಲ್ಲ ಅಂತ ಆತಲ್ಲ" ಎಂದರು.

"ಕೆಲಸ ಉಳೀತಲ್ಲ, ಬಿಡಿ ಅದನ್ನ" ಎಂದೆ.

ಬಿಟ್ಟರು. ನಾನೂ ಬಿಟ್ಟೆ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಅದರ ಮಾರನೆಯ ವರ್ಷ ಒಂದು ದಿನ ಸಂತೇಬೆನ್ನೂರಿನ ಸಂತೆಯಲ್ಲಿ ಹುರುಳಿ ಕೊಳ್ಳುತ್ತಿದ್ದೆ. ಅಚ್ಚೇರು ಕೊಡಮ್ಮ ಎಂದೆ. ಅಚ್ಚೇರು ಎಂದರೆ ಅರ್ಧ ಸೇರು. ಆ ಹೆಂಗಸು ಗೋಣಿಯ ಸುತ್ತ ತಡಕಾಡಿದಳು.

"ಅಚ್ಚೇರು ಎಲ್ಲೋ ಕಳಕೊಂಡೀನಿ ಯಜಮಾನ್ರೇ. ಪಾವಿನಾಗೇ ಅಳೀತೀನಿ ತಗಳ್ರಿ" ಎಂದು, ಕಾಲು ಸೇರಿನ ಪಾವಿನಲ್ಲಿ ತುಂಬಿ ನನ್ನ ಚೀಲಕ್ಕೆ ಸುರಿದಳು. "ಒಂದು. ಎರಡು. ಆತು ನೋಡ್ರಿ ಅಚ್ಚೇರು."

ನಾನು ಚೀಲ ಹಿಡಿದವನು ಹಾಗೆಯೇ ನಿಂತುಬಿಟ್ಟೆ. ಅರ್ಧ ಸೇರಿನಲ್ಲಿ ಕಾಲು ಸೇರು ಎಷ್ಟು ಸಲ? ಎರಡು ಸಲ. ಅಯ್ಯೋ ಶಿವನೇ, ಇಷ್ಟೇನಾ! ಆ ಲೆಕ್ಕ ಕೇಳುತ್ತಿದ್ದದ್ದು ಅರ್ಧದೊಳಗೆ ಕಾಲು ಎಷ್ಟು ಸಲ ಇದೆ ಎಂದು. ನಾನು ರೊಟ್ಟಿಯನ್ನು ನಾಲ್ಕು ತುಂಡು ಮಾಡುತ್ತ ಕೂತಿದ್ದೆ. ಹುಟ್ಟಿದಾಗಿನಿಂದ ನಮ್ಮ ಅಡುಗೆಮನೆಯಲ್ಲಿ ಪಾವೂ ಇತ್ತು, ಅಚ್ಚೇರೂ ಇತ್ತು. "ಯಾಕೆ ಯಜಮಾನ್ರೇ, ಅಳತೆ ಕಡಿಮೆ ಆತಾ?" ಎಂದಳು ಆಕೆ. ಇಲ್ಲ ತಾಯಿ, ಸರಿಯಾಗಿದೆ ಎಂದೆ. ಖುಷಿಯಾಯಿತೋ ಸಂಕಟವಾಯಿತೋ ಹೇಳಲಾರೆ.

ಕೊಟ್ರಬಸಪ್ಪನವರಿಗೆ ಇದನ್ನು ಕಾರ್ಡಿನಲ್ಲಿ ಬರೆಯಲು ಮನಸ್ಸಾಗಲಿಲ್ಲ. ಭಿನ್ನರಾಶಿ ಪಾಠ ಬರುವ ತಿಂಗಳಿಗೇ ಗೊತ್ತುಮಾಡಿಕೊಂಡು ರಜೆ ಹಾಕಿದೆ. ಹಿತ್ತಾಳೆ ಪಾವು, ಅಚ್ಚೇರು, ಒಂದಿಷ್ಟು ಜೋಳ ಚೀಲಕ್ಕೆ ತುಂಬಿಕೊಂಡೆ. "ಜಗಳೂರಿಗೆ ಅಳತೆ ಹೊತ್ಕೊಂಡು ಹೋಗ್ತೀರಾ? ನಾನು ಸಾರಿಗೆ ಬೇಳೆ ಯಾವುದರಲ್ಲಿ ಅಳೀಲಿ?" ಎಂದು ಹೆಂಡತಿ ರೇಗಿದಳು. ದಾವಣಗೆರೆಯ ಮೇಲೆ ಹೋಗಿ ಜಗಳೂರು ಸೇರಿ, ಕೇಳಿಕೊಂಡು ಶಾಲೆಯ ಬಾಗಿಲಿಗೆ ಬಂದು ನಿಂತೆ.

ಕೊಟ್ರಬಸಪ್ಪನವರು ಆ ಕಡೆ ತಿರುಗಿ ಹಲಗೆಯ ಮೇಲೆ ಬರೆಯುತ್ತಿದ್ದರು. ಮುಕ್ಕಾಲನ್ನು ಕಾಲು ಭಾಗದಿಂದ ಭಾಗಿಸಿ, ಉತ್ತರ ಮೂರು. ನಡುವಿನ ಸಾಲಿನಿಂದ ಒಬ್ಬ ಹುಡುಗ ಎದ್ದ.

"ಸಾ, ಮುಕ್ಕಾಲೇ ಇದ್ದದ್ದು. ಭಾಗ ಮಾಡಿದ್ಮೇಲೆ ಮೂರು ಹೆಂಗಾತು ಸಾ?"

ಕೊಟ್ರಬಸಪ್ಪನವರು ತಿರುಗಲೂ ಇಲ್ಲ. "ಕೂತ್ಕಳೋ. ನಾಟಕ ಆಡಬ್ಯಾಡ" ಎಂದರು.

ಹುಡುಗರು ನಕ್ಕರು. ಎದ್ದವನು ಕೂತ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಿನಾ ಹೇಳಿ ಹೇಳಿ ಸವೆದ ಮಾತಿನ ಹಾಗಿತ್ತು. ಆ ಮಾತು ನನ್ನದು. ಹೊನ್ನಾಳಿಯ ಬಂಗಲೆಯಲ್ಲಿ ನಾನೇ ಆಡಿದ್ದು.

ಆಮೇಲೆ ನನ್ನನ್ನು ನೋಡಿ, "ಅಯ್ಯೋ ಸಾರ್! ಬರ್ರೀ, ಬರ್ರೀ" ಎಂದು ಸೀಮೆಸುಣ್ಣದ ಕೈಯಲ್ಲೇ ಓಡಿಬಂದರು. ನಾನು ಕುರ್ಚಿಯಲ್ಲಿ ಕೂರಲಿಲ್ಲ.

"ಇವತ್ತು ಪಾಠ ನಾನು ಮಾಡ್ತೀನಿ ಕೊಟ್ರಬಸಪ್ಪನೋರೇ. ನೀವು ಕೂತ್ಕೊಳ್ಳಿ."

"ಎಲ್ಲಿ ಸಾರ್?"

"ಆ ಹುಡುಗನ ಪಕ್ಕ. ಇವತ್ತು ಚೀಟಿ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಮಕ್ಕಳು ಅವರ ಮುಖ ನೋಡಿದರು. ಕೊನೆಗೆ ಪಂಚೆ ಮಡಿಸಿಕೊಂಡು ಹುಡುಗನ ಪಕ್ಕ ನೆಲದ ಮೇಲೆ ಕೂತರು.

"ಚನ್ನಗಿರಿಯಲ್ಲಿ ಕೇಳಿದ್ದನ್ನ ಈಗ ಕೇಳಿ" ಎಂದೆ.

ಸೀಮೆಸುಣ್ಣದ ಕೈಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು. "ಅರ್ಧದಾಗೆ ಎರಡು ಎಲ್ಲಿಂದ ಬಂದ್ವು ಸಾರ್?"

"ಅವತ್ತು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ನಿಮ್ಮದು ನಾಟಕ ಅಂದೆ."

ಅಷ್ಟು ಮಕ್ಕಳ ಮುಂದೆ ಹೇಳಿದೆ. ಹೇಳಿದ ಮೇಲೆ ಏನೂ ಆಗಲಿಲ್ಲ, ಆಕಾಶವೇನೂ ಬೀಳಲಿಲ್ಲ. ಅಚ್ಚೇರಿನ ತುಂಬ ಜೋಳ ತುಂಬಿ ಆ ಹುಡುಗನ ಮುಂದಿಟ್ಟು ಪಾವನ್ನು ಅವನ ಕೈಗೆ ಕೊಟ್ಟೆ. ಇದು ಅರ್ಧ ಸೇರು, ಅದು ಕಾಲು ಸೇರು, ಇದರಿಂದ ಅದನ್ನು ಎಷ್ಟು ಸಲ ತುಂಬಬಹುದು ನೋಡು ಎಂದೆ. ಒಂದು ಸಲ ತುಂಬಿ ಚೀಲಕ್ಕೆ ಸುರಿದ. ಇನ್ನೊಂದು ಸಲ ತುಂಬಿದ. ಅಚ್ಚೇರು ಬರಿದಾಯಿತು.

"ಎರಡು ಸಲ ಸಾ!" ಎಂದವನು ತಾನೇ ಹಲಗೆಯ ಕಡೆ ನೋಡಿದ. "ಮುಕ್ಕಾಲಾದ್ರೆ ಮೂರು ಸಲ ಅಲ್ವಾ ಸಾ? ಅದಕ್ಕೇ ಮೂರು!" ಮಕ್ಕಳೆಲ್ಲ ನಾನು ತಾನು ಎಂದು ಪಾವಿಗೆ ಮುಗಿಬಿದ್ದರು.

ಕೊಟ್ರಬಸಪ್ಪನವರು ಮಾತ್ರ ನಗಲಿಲ್ಲ. ಮಕ್ಕಳ ಕೈಯಿಂದ ಪಾವನ್ನು ಇಸಿದುಕೊಂಡು ಅದರೊಳಗೆ ನೋಡುತ್ತ ಕೂತರು.

"ಇಷ್ಟೇನಾ ಸಾರ್?"

"ಇಷ್ಟೇ."

"ವರ್ಷಕ್ಕೆ ಒಬ್ಬನೋ ಇಬ್ಬರೋ ಹಿಂಗೇ ಎದ್ದು ಕೇಳ್ತಿದ್ರು ಸಾರ್. ನನ್ನಂಗೇ. ಎಲ್ಲರಿಗೂ ನಾಟಕ ಆಡಬ್ಯಾಡ, ಕೂತ್ಕ ಅಂದೀನಿ. ಒಂದಿಬ್ಬರು ಶಾಲೆನೇ ಬಿಟ್ಟು ಹೋದ್ರು." ಅವರ ಕಣ್ಣು ತುಂಬಿತ್ತು. "ಅವರನ್ನೆಲ್ಲ ಈಗ ಎಲ್ಲಿ ಹುಡುಕ್ಲಿ ಸಾರ್?"

ಪಾವನ್ನೂ ಅಚ್ಚೇರನ್ನೂ ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ಹೆಂಡತಿ ಕೇಳಿದಾಗ ಜಗಳೂರಿನಲ್ಲಿ ಬೇಕಾಗಿತ್ತು ಎಂದೆ. ಕೊಟ್ರಬಸಪ್ಪನವರು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ.